ತಾರೀಖಮ್ಮನ ಮೂರನೇ ಮಂಗಳವಾರ

ಅಚ್ಚು ಹಾಕುವ ಪ್ರೆಸ್ಸಿನವರು ನನ್ನ ತಂಗಿಯನ್ನು ತಾರೀಖಮ್ಮ ಅಂತ ಕರೆಯುತ್ತಾರೆ. ಅವಳಿಗೆ ಅದರಿಂದ ಏನೂ ಬೇಜಾರಿಲ್ಲ, ಕೇಳಿಸಿಕೊಂಡರೆ ನನಗೇ ಮೈ ಉರಿಯುತ್ತದೆ. ಇಪ್ಪತ್ತೆರಡು ವರ್ಷದಿಂದ ಅವಳು ಕ್ಯಾಲೆಂಡರಿಗೆ ಚಿತ್ರ ಬರೆಯುತ್ತಿದ್ದಾಳೆ. ಚಿತ್ರ ಮಾತ್ರ ಅಲ್ಲ, ಕೆಳಗಿನ ಚೌಕ, ಚೌಕದೊಳಗಿನ ಅಂಕಿ, ಅಂಕಿಯ ಬಣ್ಣ, ಎಲ್ಲ ಅವಳ ಕೈಯದೇ. ಟೈರ್ ಅಂಗಡಿಯವರಿಗೆ, ಬೀಜದ ಕಂಪನಿಯವರಿಗೆ, ಬ್ಯಾಂಕಿನವರಿಗೆ, ಔಷಧಿ ಮಾರುವವರಿಗೆ, ಕೇಳಿದವರಿಗೆಲ್ಲ ಬರೆದುಕೊಡುತ್ತಾಳೆ. ಯಾರ ಆಫೀಸಿನಲ್ಲೂ ಕೂತು ಸಂಬಳ ತೆಗೆದುಕೊಂಡವಳಲ್ಲ. ಬೀಗ ರಿಪೇರಿ ಅಂಗಡಿಯ ಮೇಲೆ ಒಂದು ಕೋಣೆ, ಕಿಟಕಿಗೆ ಒತ್ತಿಕೊಂಡು ಒಂದು ಉದ್ದನೆ ಮೇಜು, ಕಾಲು ಕುಂಟುವ ಒಂದು ಕುರ್ಚಿ. ಕುರ್ಚಿಯ ಕಾಲಿನ ಕೆಳಗೆ ಹಳೇ ಕ್ಯಾಲೆಂಡರಿನ ಹಾಳೆ ಮಡಚಿ ಇಟ್ಟಿದ್ದಾಳೆ. ಹೊಸ ಕುರ್ಚಿ ತಗೋ ಅಂದರೆ ಇದಕ್ಕೆ ಬೆನ್ನು ಒಗ್ಗಿದೆ ಅನ್ನುತ್ತಾಳೆ.

ನಾನು ಅವಳ ಅಕ್ಕ. ಐದು ಗಂಟೆ ಬಸ್ಸಿನ ದೂರದಲ್ಲಿ, ಇನ್ನೊಂದು ಊರಿನಲ್ಲಿ ಅಮ್ಮನ ಜೊತೆ ಇದ್ದೇನೆ. ಗಂಡ ಹೋಗಿ ಒಂಬತ್ತು ವರ್ಷವಾಯಿತು. ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು, ಯಾವ ಬಸ್ಸು ಯಾವ ಅಂಕಣದಲ್ಲಿ ನಿಂತಿದೆ, ಯಾವುದು ಎಷ್ಟು ತಡ ಅಂತ ಕೂಗುವುದು ನನ್ನ ಕೆಲಸ. ಮನೆಯಲ್ಲೂ ಅದೇ ದನಿಯಲ್ಲಿ ಕೂಗಾಡ್ತೀಯ ಅಂತ ಅಮ್ಮ ಬೈಯುತ್ತಿದ್ದಳು. ಅವಳ ಕಿವಿ ಮಂದವಾದ ಮೇಲೆ ಆ ದೂರು ನಿಂತಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ನಿಲ್ದಾಣದಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಳ್ಳಲ್ಲ. ಹಾಗಾಗಿ ತಂಗಿಯ ವಿಷಯ ಹೇಳುವಾಗ ನಡುವೆ ನಾಲ್ಕು ಬೈಗುಳ ಬಂದರೆ ಯಾರೂ ತಪ್ಪು ತಿಳಿಯಬಾರದು. ಅವಳ ಮೇಲಿನ ಪ್ರೀತಿ ನನಗೆ ಬೈಯದೆ ಹೇಳೋಕೆ ಬರುವುದಿಲ್ಲ.

ಕ್ಯಾಲೆಂಡರ್ ಕಸುಬಿನಲ್ಲಿ ವರ್ಷಕ್ಕೆ ಎರಡೇ ತುಂಡು. ಜುಲೈಯಿಂದ ಡಿಸೆಂಬರ್ ತನಕ ಸೀಸನ್. ಆಗ ಅವಳಿಗೆ ತಲೆ ಕೆರೆದುಕೊಳ್ಳುವುದಕ್ಕೂ ಪುರುಸೊತ್ತಿರುವುದಿಲ್ಲ. ಫೋನ್ ಮಾಡಿದರೆ "ಅಕ್ಕಾ, ನವೆಂಬರಲ್ಲಿ ಇದ್ದೀನಿ, ಆಮೇಲೆ ಮಾಡ್ತೀನಿ" ಅಂತ ಇಟ್ಟುಬಿಡುತ್ತಾಳೆ. ಹೊರಗಡೆ ಆಗ ಆಗಸ್ಟ್. ಅವಳು ಮುಂದಿನ ವರ್ಷದ ನವೆಂಬರ್ ಹಾಳೆಯ ಮೇಲೆ ಬಗ್ಗಿಕೊಂಡಿರುತ್ತಾಳೆ. ಜನವರಿ ಒಂದು ಬಂತೋ, ಎಲ್ಲ ಠಪ್ಪಂತ ನಿಲ್ಲುತ್ತದೆ. ಜನವರಿಯಲ್ಲಿ ಕ್ಯಾಲೆಂಡರ್ ಬರೆಸುವ ಹುಚ್ಚ ಯಾರಿದ್ದಾನೆ? ಜೂನ್ ತನಕ ಫೋನು ಮಲಗಿಬಿಡುತ್ತದೆ. ಇದಕ್ಕೆ ಅವಳು ಖಾಲಿ ತಿಂಗಳು ಅನ್ನುತ್ತಾಳೆ.

ಖಾಲಿ ತಿಂಗಳಲ್ಲಿ ಅವಳ ಅವತಾರ ನೋಡಬೇಕು. ಮೊದಲ ವಾರ ಬರೀ ನಿದ್ದೆ. ಎರಡನೇ ವಾರ ಮೇಜು ಒರೆಸುವುದು, ಕುಂಚ ತೊಳೆಯುವುದು, ತೊಳೆದದ್ದನ್ನೇ ಮತ್ತೆ ತೊಳೆಯುವುದು. ಮೂರನೇ ವಾರ ಸರಿಯಾಗಿ ಫೋನ್ ಬರುತ್ತದೆ. "ಅಕ್ಕಾ, ನನ್ನ ಕಥೆ ಮುಗೀತು. ಇನ್ನು ನನ್ನ ಯಾರೂ ಕರೆಯಲ್ಲ." ಪ್ರತಿ ವರ್ಷ ಇದೇ ವಾರ, ಇದೇ ಮಾತು. ಒಂದು ವರ್ಷ ನಾನೇ ಮೊದಲು ಫೋನ್ ಮಾಡಿ, "ಏನೇ, ಇವತ್ತು ನಿನ್ನ ಕಥೆ ಮುಗೀಬೇಕಿತ್ತಲ್ಲ, ಇನ್ನೂ ಮುಗೀಲಿಲ್ವಾ?" ಅಂದೆ. ಮೂರು ದಿನ ಮಾತು ಬಿಟ್ಟಳು.

ಈ ಭಯದಿಂದಲೇ ಅವಳು ಒಂದು ವರ್ಷ ಕೆಟ್ಟಳು. ಜುಲೈ ಬಂದ ಕೂಡಲೇ ಯಾರು ಕೇಳಿದರೂ ಹ್ಞೂಂ ಅಂದು, ಒಂದೇ ಸೀಸನ್ನಿಗೆ ಹದಿನೇಳು ಕ್ಯಾಲೆಂಡರ್ ಒಪ್ಪಿಕೊಂಡಳು. ಡಿಸೆಂಬರಿನ ಹೊತ್ತಿಗೆ ಬಲಗೈ ಬೆರಳುಗಳು ಸೆಟೆದುಕೊಂಡು, ಜ್ವರ ಏರಿ, ಮೆಟ್ಟಿಲ ಮೇಲೆ ಕುಸಿದು ಬಿದ್ದಳು. ಬೀಗದ ಅಂಗಡಿಯವನು ಆಸ್ಪತ್ರೆಗೆ ಕರೆದುಕೊಂಡು ಹೋದ. ನಾನು ಸುದ್ದಿ ಕೇಳಿ ಓಡಿ ಹೋದರೆ, ಡ್ರಿಪ್ ಹಾಕಿಸಿಕೊಂಡು ಮಲಗಿದ್ದವಳು "ಅಕ್ಕಾ, ಅಕ್ಟೋಬರ್ ಪುಟದ ಹಸಿರು ಸ್ವಲ್ಪ ಜಾಸ್ತಿಯಾಗಿದೆ" ಅನ್ನುತ್ತಿದ್ದಾಳೆ. ಕೆನ್ನೆಗೆ ಎರಡು ಬಿಡೋಣ ಅನ್ನಿಸಿತು. ಸೂಜಿ ಚುಚ್ಚಿತ್ತಲ್ಲ, ಹಾಗಾಗಿ ಬಿಟ್ಟೆ.

ಆಮೇಲೆ ಬುದ್ಧಿ ಬಂತು. ಮೇಜಿನ ಎದುರಿನ ಗೋಡೆಗೆ ಆಯಾ ವರ್ಷದ ತನ್ನದೇ ಒಂದು ಕ್ಯಾಲೆಂಡರ್ ಪ್ರತಿ ನೇತುಹಾಕಿ, ಅದರ ಮೇಲೆಯೇ ವರ್ಷವನ್ನೆಲ್ಲ ಮೊದಲೇ ಹಂಚಿಡುವುದನ್ನು ಕಲಿತಳು. ಅಕ್ಟೋಬರ್ ಹತ್ತಕ್ಕೆ ಕೆಂಪು ಗೆರೆ, ಅದಾದ ಮೇಲೆ ಯಾರಪ್ಪ ಬಂದರೂ ಹೊಸ ಕೆಲಸ ಇಲ್ಲ. ಜನವರಿಯ ಮೊದಲ ಹತ್ತು ದಿನ ನೀಲಿ, ಮಲಗುವುದಕ್ಕೆ. ಫೆಬ್ರವರಿಯಲ್ಲಿ ಹಳೇ ಗಿರಾಕಿಗಳನ್ನು ಸುಮ್ಮನೆ ಮಾತಾಡಿಸಿ ಬರುವುದು, ಮಾರ್ಚಿನಲ್ಲಿ ಕೈಗೆ ಹೊಸದೇನಾದರೂ ಕಲಿಸುವುದು. ಒಂದು ವರ್ಷ ಮರದ ಅಚ್ಚು ಕೆತ್ತುವುದು ಕಲಿತಳು, ಇನ್ನೊಂದು ವರ್ಷ ದಪ್ಪ ಅಕ್ಷರ ಬರೆಯುವುದು. ಮೇ ತಿಂಗಳೆಲ್ಲ ಬೀದಿ ಸುತ್ತಿ ಚಿತ್ರ ಗೀಚಿಕೊಂಡು ಬರುತ್ತಾಳೆ, ಜುಲೈಯಲ್ಲಿ ಬಿಳೀ ಹಾಳೆ ನೋಡಿ ಕಣ್ಣುಕಣ್ಣು ಬಿಡಬಾರದು ಅಂತ. ಭಯ ಪೂರ್ತಿ ಹೋಗಲಿಲ್ಲ, ಮೂರನೇ ವಾರದ ಫೋನೂ ನಿಲ್ಲಲಿಲ್ಲ. ಆದರೆ ಮತ್ತೆ ಮೆಟ್ಟಿಲ ಮೇಲೆ ಬೀಳಲಿಲ್ಲ.

ಅವಳ ಲೆಕ್ಕಾಚಾರ ಎಷ್ಟು ಗಟ್ಟಿಯಾಯಿತೆಂದರೆ ನಮ್ಮ ಮನೆಯ ಕಾಯಿಲೆಗಳೂ ಅದಕ್ಕೆ ಹೊಂದಿಕೊಂಡವು. ಅಮ್ಮನ ಹಲ್ಲು ಕೀಳಿಸಿದ್ದು ಫೆಬ್ರವರಿ, ಕಣ್ಣಿನ ಪೊರೆ ತೆಗೆಸಿದ್ದು ಮಾರ್ಚ್, ಸೋರುವ ಸೂರು ಸರಿ ಮಾಡಿಸಿದ್ದು ಏಪ್ರಿಲ್. ಒಂದು ಸೆಪ್ಟೆಂಬರಿನಲ್ಲಿ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡ ಅಮ್ಮನಿಗೆ ನಾನು "ಜನವರಿ ತನಕ ತಡ್ಕೊಳ್ಳೋಕೆ ಆಗ್ತಿರ್ಲಿಲ್ವಾ ನಿಂಗೆ?" ಅಂತ ಗದರಿದ್ದೂ ಉಂಟು. ಅಮ್ಮನಿಗೆ ಕೇಳಿಸಲಿಲ್ಲ, ಪುಣ್ಯ.

ಎರಡು ವರ್ಷದ ಹಿಂದೆ ನನ್ನ ಗಂಟಲಿನ ಬಲಗಡೆ ಒಂದು ಗಂಟು ಕೈಗೆ ಸಿಕ್ಕಿತು. ಬಟಾಣಿ ಕಾಳಿನಷ್ಟು. ಡಾಕ್ಟರು ಮುಟ್ಟಿ ನೋಡಿ, ಸ್ಕ್ಯಾನ್ ಮಾಡಿಸಿ, "ತೆಗೀಬೇಕು. ತೆಗೆದು ಪರೀಕ್ಷೆಗೆ ಕಳಿಸಬೇಕು, ಒಳ್ಳೇದೋ ಕೆಟ್ಟದ್ದೋ ಆಮೇಲೇ ಗೊತ್ತಾಗೋದು" ಅಂದರು. ದನಿಯ ನರ ಪಕ್ಕದಲ್ಲೇ ಹಾದು ಹೋಗುತ್ತದಂತೆ. "ಹುಷಾರಾಗೇ ಮಾಡ್ತೀವಿ. ಆದ್ರೆ ದನಿ ಈಗಿದ್ದ ಹಾಗೇ ಇರುತ್ತೆ ಅಂತ ನಾನು ಬರೆದು ಕೊಡೋಕಾಗಲ್ಲ." ದನಿಯಿಂದಲೇ ಅನ್ನ ತಿನ್ನುವವಳಿಗೆ ಈ ಮಾತು! ನಾನು "ಈಗ ನನ್ನ ತಂಗೀದು ಸೀಸನ್ನು ಡಾಕ್ಟ್ರೇ, ಜನವರಿ ಆಗ್ಲಿ" ಅಂದು ಎದ್ದು ಬಂದೆ. ಜನವರಿ ಬಂದಾಗ ಅಮ್ಮನ ಕಣ್ಣು ಮೊದಲು ಅಂದೆ. ಮರುವರ್ಷ ಸೂರು ಅಂದೆ. ಕಳೆದ ಡಿಸೆಂಬರಿನ ಹೊತ್ತಿಗೆ ಗಂಟು ದ್ರಾಕ್ಷಿಯಷ್ಟಾಗಿತ್ತು. ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ನೋಡೀಮ್ಮಾ, ಇನ್ನೊಂದ್ಸಲ ಮುಂದಕ್ಕೆ ಹಾಕಿದ್ರೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ" ಅಂದರು. ಅವರು ನಮ್ಮ ಊರಿನ ಆಸ್ಪತ್ರೆಗೆ ಬರುವುದೇ ಮಂಗಳವಾರ. ಮನೆಯವರೊಬ್ಬರು ಬೆಳಿಗ್ಗೆಯೇ ಬಂದು ಸಹಿ ಹಾಕಿ ಜೊತೆಗಿರದಿದ್ದರೆ ಒಳಗೆ ಕರೆದುಕೊಳ್ಳುವುದಿಲ್ಲ. ಅಮ್ಮನಿಗೆ ಎಪ್ಪತ್ತೊಂಬತ್ತು, ಮೆಟ್ಟಿಲು ಹತ್ತಲಾರಳು. ಇನ್ನು ಉಳಿದವಳು ತಂಗಿ ಒಬ್ಬಳೇ.

ಜನವರಿಯಲ್ಲಿ ಫೋನ್ ಮಾಡಿ, "ಫೆಬ್ರವರಿ ಮೂರನೇ ಮಂಗಳವಾರ. ಗೋಡೆ ಮೇಲೆ ಬರ್ಕೋ" ಅಂದೆ.

"ಬರ್ಕೊಂಡೆ ಅಕ್ಕಾ. ಕೆಂಪಲ್ಲಿ ಸುತ್ತು ಹಾಕಿದ್ದೀನಿ. ಹಿಂದಿನ ದಿನಾನೇ ಬಂದಿರ್ತೀನಿ" ಅಂದಳು.

ಅಷ್ಟರಲ್ಲಿ ಫೆಬ್ರವರಿ ಮೊದಲ ವಾರ ಅವಳಿಗೆ ಎಂದೂ ಆಗದ್ದೊಂದು ಆಯಿತು. ಖಾಲಿ ತಿಂಗಳಲ್ಲಿ ಫೋನು ಬಂತು. ಅವಳ ಊರಿನ ಮಕ್ಕಳ ಗ್ರಂಥಾಲಯದ ಮೇಡಂ ಯಾರದೋ ಮನೆಯ ಗೋಡೆಯಲ್ಲಿ ಅವಳ ಕ್ಯಾಲೆಂಡರ್ ನೋಡಿ, ಓದುವ ಕೋಣೆಯ ಗೋಡೆಗೆ ಎಂಟು ದೊಡ್ಡ ಚಿತ್ರ ಬೇಕು ಅಂದರಂತೆ. ಚೆನ್ನಾಗಿ ಬಂದರೆ ಪ್ರತಿ ವರ್ಷ ಒಂದೊಂದು ಕೋಣೆ, ಅದೂ ಶಾಲೆ ಶುರುವಾಗುವ ಮೊದಲು, ಅಂದರೆ ಸರಿಯಾಗಿ ಖಾಲಿ ತಿಂಗಳಲ್ಲೇ. ತಂಗಿಯ ಮುಖ ಇಷ್ಟಗಲ ಆಗಿರಬೇಕು, ಫೋನಿನಲ್ಲೇ ಗೊತ್ತಾಗುತ್ತಿತ್ತು. "ಹದಿನಾರನೇ ತಾರೀಖು ಬೆಳಿಗ್ಗೆ ನಾನೇ ಕೈಯಾರೆ ತಂದುಕೊಡ್ತೀನಿ ಅಂದಿದ್ದೀನಿ ಅಕ್ಕಾ. ಕೊಟ್ಟು ಮಧ್ಯಾಹ್ನದ ಬಸ್ಸು ಹತ್ತಿ ನಿನ್ನ ಹತ್ರ ಬರ್ತೀನಿ. ಮಾರನೇ ದಿನ ಆಸ್ಪತ್ರೆ. ಎಲ್ಲ ಹೇಗೆ ಕೂಡಿ ಬಂದಿದೆ ನೋಡು!" ಅಂದಳು. ನಾನು ಆಗ ಡ್ಯೂಟಿಯ ಮೇಲಿದ್ದೆ, ಎರಡನೇ ಅಂಕಣದಲ್ಲಿ ಯಾರೋ ಜಗಳ ತೆಗೆದಿದ್ದರು. ಅರ್ಧ ಕಿವಿಯಲ್ಲಿ ಕೇಳಿ ಹ್ಞೂಂ ಅಂದುಬಿಟ್ಟೆ. ತಪ್ಪು ನನ್ನದೂ ಇದೆ.

ಆಪರೇಷನ್ನಿಗೆ ಎರಡು ದಿನ ಉಳಿದ ಭಾನುವಾರ. ಮಧ್ಯಾಹ್ನ ಊಟ ಮುಗಿಸಿ, ಆಸ್ಪತ್ರೆಗೆ ಒಯ್ಯುವ ಚೀಲ ತುಂಬಿಸುತ್ತ ತಂಗಿಗೆ ಫೋನ್ ಮಾಡಿದೆ.

"ನಾಳೆ ಎಷ್ಟು ಗಂಟೆ ಬಸ್ಸಿಗೆ ಬರ್ತೀಯ?"

"ನಾಳೆ ಯಾಕೆ ಬರ್ಲಿ? ನಾಳೆ ಭಾನುವಾರ. ಸೋಮವಾರ ಬರ್ತೀನಿ ಅಂದಿದ್ದೆನಲ್ಲ."

"ಇವತ್ತೇ ಭಾನುವಾರ ಕಣೇ!"

"ಇವತ್ತು ಶನಿವಾರ ಅಕ್ಕಾ. ಹದಿನಾಲ್ಕು, ಶನಿವಾರ."

"ಹದಿನಾಲ್ಕು ಸರಿ, ಆದ್ರೆ ಭಾನುವಾರ. ಹಗಲುಹೊತ್ತಲ್ಲಿ ನಿದ್ದೆಗಣ್ಣಲ್ಲಿ ಇದ್ದೀಯಾ?"

"ಏಯ್, ನಂಗೆ ತಾರೀಖು ಹೇಳಿಕೊಡ್ತೀಯಾ ನೀನು? ಇಪ್ಪತ್ತೆರಡು ವರ್ಷದಿಂದ ನಾನು ಬರೀತಿರೋದೇನು? ಕಣ್ಣೆದುರಿಗೇ ಇದೆ, ನನ್ನ ಕೈಯಲ್ಲೇ ಬರೆದದ್ದು, ಹದಿನಾಲ್ಕು ಶನಿವಾರ!"

"ನಿನ್ನ ಕೈಗೆ ಬೆಂಕಿ ಹಾಕ! ಫೋನ್ ತೆಗೆದು ನೋಡೇ ಒಂದ್ಸಲ!"

ಅವಳು ಫೋನನ್ನು ಕಿವಿಯಿಂದ ತೆಗೆದು ನೋಡಿರಬೇಕು. ಕುರ್ಚಿ ಹಿಂದಕ್ಕೆ ಜಾರಿದ ಸದ್ದು ಕೇಳಿಸಿತು. ಆಮೇಲೆ ಅವಳ ದನಿ, ಬಾವಿಯೊಳಗಿಂದ ಬಂದ ಹಾಗೆ.

"ಅಕ್ಕಾ... ಹದಿನೆಂಟು ಸಾವಿರ ಅಚ್ಚಾಗಿ ಹೋಗಿದೆ."

ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು. ಅವಳ ಗೋಡೆಯ ಮೇಲಿದ್ದದ್ದು ಬ್ಯಾಂಕಿಗೆ ಬರೆದ ಈ ವರ್ಷದ ಕ್ಯಾಲೆಂಡರು. ಅದರಲ್ಲಿ ವಾರಗಳು ತಪ್ಪಿದ್ದರೆ, ಹದಿನೆಂಟು ಸಾವಿರ ಮನೆ ಅಂಗಡಿಗಳ ಗೋಡೆಯಲ್ಲೂ ತಪ್ಪಿವೆ ಅಂತಾಯಿತಲ್ಲ!

"ಅಕ್ಕಾ, ನಿನ್ನ ಅಡುಗೆಮನೇಲಿ ಇದೆಯಲ್ಲ, ನಾನು ಕಳಿಸಿದ್ದು, ಅದನ್ನ ನೋಡು. ಬೇಗ ನೋಡು."

ಓಡಿದೆ. ಅಮ್ಮ ಮಧ್ಯದಲ್ಲಿ ಕಾಲು ಚಾಚಿ ಕೂತಿದ್ದಳು, ದಾಟಿಕೊಂಡೇ ಹೋದೆ. ಕ್ಯಾಲೆಂಡರಿನ ಮೇಲೆ ಕೈಯಿಟ್ಟು ಓದಿದೆ. "ಹದಿನಾಲ್ಕು. ಭಾನುವಾರ."

"ಸರಿಯಾಗಿ ನೋಡು. ಕೆಂಪು ಅಂಕೀನಾ?"

"ಕೆಂಪೇ. ಭಾನುವಾರದ ಕೆಳಗೇ ಇದೆ."

"ಮಾರ್ಚ್ ಒಂದು?"

"ಸೋಮವಾರ."

"ಏಪ್ರಿಲ್ ಒಂದು?"

ಹನ್ನೆರಡು ತಿಂಗಳದ್ದೂ ಓದಿಸಿದಳು ಮಹಾತಾಯಿ. ಮೈಕಿನ ಮುಂದೆ ಕೂಡ ನಾನು ಅಷ್ಟು ಸ್ಪಷ್ಟವಾಗಿ ಓದಿದವಳಲ್ಲ. ಡಿಸೆಂಬರ್ ಮುಗಿದಾಗ ಅವಳು "ಉಸ್ಸಪ್ಪಾ" ಅಂತ ನೆಲದ ಮೇಲೆ ಕೂತದ್ದು ಕೇಳಿಸಿತು. ಕೂತಲ್ಲೇ ನಗು ಶುರುವಾಯಿತು, ನಗುತ್ತ ನಗುತ್ತ ವಿಷಯ ಹೊರಗೆ ಬಂತು.

ಹೊಸ ವರ್ಷದ ತಾರೀಖು, ರಜೆಯ ಪಟ್ಟಿ ಎಲ್ಲ ಪ್ರೆಸ್ಸಿಗೆ ಬರುವುದು ಸೆಪ್ಟೆಂಬರಿಗೆ. ಗಿರಾಕಿಗೆ ಚಿತ್ರ ಜುಲೈಯಲ್ಲೇ ತೋರಿಸಬೇಕು. ಖಾಲಿ ಚೌಕ ತೋರಿಸಿದರೆ ಚೆಂದ ಕಾಣುವುದಿಲ್ಲ ಅಂತ, ಆಗ ನಡೆಯುತ್ತಿರುವ ವರ್ಷದ ಅಂಕಿಗಳನ್ನೇ ತುಂಬಿಸಿ ಒಂದು ಪ್ರತಿ ತೆಗೆಯುತ್ತಾರೆ. ಪ್ರೆಸ್ಸಿನಲ್ಲಿ ಅದಕ್ಕೆ ಸುಳ್ಳು ತಾರೀಖಿನ ಪ್ರತಿ ಅನ್ನುತ್ತಾರಂತೆ. ನೋಡಿ, ಒಪ್ಪಿಸಿ, ಹರಿದು ಹಾಕುವಂಥದ್ದು. ಈ ಸಲ ಫೆಬ್ರವರಿಗೆ ಅವಳು ಬರೆದದ್ದು ನೀಲಿ ಮಬ್ಬಿನಲ್ಲಿ ಒಂದು ಖಾಲಿ ಬೆಂಚು. ಬ್ಯಾಂಕಿನವರು ನೋಡಿ, "ಯಾರೋ ತೀರಿಕೊಂಡ ಹಾಗಿದೆ, ಹಳದಿ ಮಾಡಿ" ಅಂದರು. ಹಲ್ಲು ಕಚ್ಚಿಕೊಂಡು ಹಳದಿ ಮಾಡಿಕೊಟ್ಟಳು, ಸೆಪ್ಟೆಂಬರಿನಲ್ಲಿ ನಿಜವಾದ ತಾರೀಖುಗಳನ್ನೂ ತುಂಬಿಸಿಕೊಟ್ಟಳು. ಗೋಡೆಗೆ ಮಾತ್ರ ತನ್ನ ಪ್ರೀತಿಯ ನೀಲಿ ಬೆಂಚಿನ ಪ್ರತಿಯನ್ನೇ ಹಾಕಿಕೊಂಡಳು. ಅದರ ತಾರೀಖು ಸುಳ್ಳು ಅನ್ನುವುದು ಆ ಬೆಂಚಿನ ಮೋಹದಲ್ಲಿ ಮರೆತೇ ಹೋಯಿತು. ಹದಿನೆಂಟು ಸಾವಿರ ಮನೆಗಳಲ್ಲಿ ವಾರ ಸರಿಯಾಗಿತ್ತು, ಬರೆದವಳ ಮನೆಯಲ್ಲಿ ಮಾತ್ರ ತಪ್ಪು.

"ಆರು ವಾರ ಗೊತ್ತಾಗ್ಲಿಲ್ವೇನೇ?"

"ಖಾಲಿ ತಿಂಗಳಲ್ಲಿ ನಂಗ್ಯಾಕೆ ವಾರ ಅಕ್ಕಾ? ಕೆಳಗಡೆ ಬೀಗದ ಅಂಗಡಿ ಶನಿವಾರ ಶನಿವಾರ ಮುಚ್ಚಿರ್ತಿತ್ತು. ಪಾಪ, ಅವನಿಗೂ ಖಾಲಿ ತಿಂಗಳು ಬಂತಲ್ಲಾ ಅಂತ ಮರುಗಿದ್ದೆ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮನೂ ಏನೆಂದು ಗೊತ್ತಿಲ್ಲದೆ ನಕ್ಕಳು. ಮೊದಲು ನಿಂತದ್ದು ತಂಗಿಯ ನಗು.

"ಅಕ್ಕಾ. ಹಾಗಾದ್ರೆ ಮೂರನೇ ಮಂಗಳವಾರ ಹದಿನಾರು."

"ಹೌದು, ಹದಿನಾರು."

"ಹದಿನೇಳಕ್ಕೆ ಸುತ್ತು ಹಾಕಿದ್ದೀನಿ ನಾನು. ಹದಿನಾರು ಬೆಳಿಗ್ಗೆ ಗ್ರಂಥಾಲಯಕ್ಕೆ ಹೋಗಬೇಕು. ಇನ್ನೂ ಎರಡು ಚಿತ್ರ ಬಾಕಿ ಇದೆ."

ನನಗೆ ಅವಳ ಕಷ್ಟ ಗೊತ್ತು. ಇಪ್ಪತ್ತೆರಡು ವರ್ಷದಲ್ಲಿ ಖಾಲಿ ತಿಂಗಳಿಗೆ ಮೊದಲ ಸಲ ಬಂದ ಕೆಲಸ. ಹೇಳಿದ ತಾರೀಖಿಗೆ ಕೊಡದವರನ್ನು ಮತ್ತೆ ಯಾರೂ ಕರೆಯುವುದಿಲ್ಲ ಅನ್ನುವುದು ಅವಳ ತಲೆಯಲ್ಲಿ ಮೊಳೆ ಹೊಡೆದ ಹಾಗೆ ಕೂತಿದೆ. ನಾನು ಕೂಡಲೇ, "ಹೋಗ್ಲಿ ಬಿಡು. ಆಸ್ಪತ್ರೆಗೆ ಫೋನ್ ಮಾಡಿ ಮುಂದಕ್ಕೆ ಹಾಕಿಸ್ತೀನಿ. ನೀನು ನಿನ್ನ ಕೆಲಸ ಮುಗಿಸ್ಕೋ" ಅಂದೆ. ಎಷ್ಟು ದೊಡ್ಡ ಮನಸ್ಸಿನ ಅಕ್ಕ ಅಂತ ಅಂದುಕೊಳ್ಳಬೇಡಿ. ಆ ಮಾತು ಬಾಯಿಂದ ಹೊರಟ ಕೂಡಲೇ ನನ್ನ ಮೈಯೆಲ್ಲ ಹಗುರಾಯಿತು. ಚೀಲದಲ್ಲಿ ತುಂಬಿಸಿದ್ದ ಬಟ್ಟೆಗಳನ್ನು ಆಗಲೇ ಹೊರಗೆ ತೆಗೆಯತೊಡಗಿದ್ದೆ.

ತಂಗಿ "ಒಂದು ನಿಮಿಷ ಇರು" ಅಂದು ಫೋನ್ ಇಟ್ಟಳು. ಹತ್ತು ನಿಮಿಷಕ್ಕೆ ಮತ್ತೆ ಬಂತು.

"ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಸೀಟು ಹಿಡಿದಿದ್ದೀನಿ. ನೀನು ಆಸ್ಪತ್ರೆಗೆ ಫೋನ್ ಗೀನ್ ಮಾಡಿದ್ರೆ ನೋಡು."

"ಗ್ರಂಥಾಲಯದವರು ಏನಂದ್ರು?"

"ಅವರಿಗಿನ್ನೂ ಮಾಡಿಲ್ಲ. ಮೊದಲು ನಿಂಗೆ ಹೇಳೋಣ ಅಂತ ಮಾಡಿದೆ. ಈಗ ಅವರಿಗೆ."

ತೆಗೆದ ಬಟ್ಟೆಗಳನ್ನು ಮತ್ತೆ ಮಡಚಿ ಚೀಲಕ್ಕೆ ಹಾಕಿದೆ.

ಮರುದಿನ ಸೋಮವಾರ ನನ್ನ ಡ್ಯೂಟಿ ಎರಡು ಗಂಟೆಯವರೆಗೆ. ಆಮೇಲೆ ಒಂದು ತಿಂಗಳು ರಜೆ. ಆ ಮೈಕಿನ ಮುಂದೆ ಮತ್ತೆ ಕೂರುತ್ತೇನೋ ಇಲ್ಲವೋ ಅಂತ ಬೆಳಗಿನಿಂದ ಒಂದೇ ಯೋಚನೆ. ಅವಳ ಬಸ್ಸು ಒಂದೂವರೆಗೆ ಬರಬೇಕಾದದ್ದು ಬರಲಿಲ್ಲ. ಕಂಟ್ರೋಲರ್ ಚೀಟಿ ತಂದುಕೊಟ್ಟ, ಇಪ್ಪತ್ತು ನಿಮಿಷ ತಡ. ಅದನ್ನೂ ನಾನೇ ಕೂಗಿದೆ. ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಗಾಜಿನಾಚೆ ನೋಡುತ್ತ ಕೂತೆ. ಕೊನೆಗೆ ಬಸ್ಸು ತಿರುಗಿ ಐದನೇ ಅಂಕಣಕ್ಕೆ ಬಂದಾಗ, ದಿನಾ ನೂರು ಸಲ ಹೇಳುವ ಸಾಲು ನನ್ನ ಬಾಯಲ್ಲಿ ಅರ್ಧಕ್ಕೇ ನಿಂತುಹೋಯಿತು. ಕಂಟ್ರೋಲರ್ ಮೈಕ್ ಎಳೆದುಕೊಂಡು ಉಳಿದದ್ದನ್ನು ಹೇಳಿದ. "ಏನಕ್ಕಾ, ಮುಖ್ಯಮಂತ್ರಿ ಬಂದ್ರಾ ಬಸ್ಸಲ್ಲಿ?" ಅಂತ ಕೇಳಿದ. "ಅವರಪ್ಪನಂಥವಳು ಬಂದಳು, ಸುಮ್ನಿರೋ" ಅಂದು ಇಳಿದು ಹೋದೆ.

ತಂಗಿ ಹೆಗಲಿಗೆ ಒಂದು ಚೀಲ, ಕಂಕುಳಲ್ಲಿ ಹಾಳೆ ಸುತ್ತಿದ ಉದ್ದನೆ ಕೊಳವೆ ಇಟ್ಟುಕೊಂಡು ಇಳಿದಳು. ನಾನು ಕೇಳುವ ಮೊದಲೇ ಹೇಳಿದಳು.

"ಮೇಡಮ್ಮಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಕ್ಯಾಲೆಂಡರ್ ಬರೆಯೋಳಿಗೇ ವಾರ ತಪ್ಪಿತು, ಅಕ್ಕನ ಆಪರೇಷನ್ನು, ಹದಿನಾರಕ್ಕೆ ಆಗಲ್ಲ ಅಂತ. ಎಷ್ಟು ಹೊತ್ತು ನಕ್ಕರು ಗೊತ್ತಾ! ಆಮೇಲೆ ಹೇಳ್ತಾರೆ, 'ಚಿತ್ರ ಬರೆಯೋರು ಹೇಳಿದ ದಿನಕ್ಕೆ ಯಾವತ್ತು ಕೊಟ್ಟಿದ್ದಾರೆ? ಹದಿನೈದು ದಿನ ಮೊದಲಿನ ತಾರೀಖೇ ಹೇಳಿದ್ದೆ ನಿಮಗೆ. ನಮ್ಮ ಗೋಡೆಗೆ ಇನ್ನೂ ಸುಣ್ಣಾನೇ ಬಳಿದಿಲ್ಲ. ಅಕ್ಕನ್ನ ನೋಡ್ಕೊಳ್ಳಿ, ಮಾರ್ಚಲ್ಲಿ ಬನ್ನಿ.'"

"ಅವರು ಬೇಡ ಅಂದಿದ್ರೆ?"

"ಬೇಡ ಅಂದಿದ್ರೆ ಬೇಡ. ಬಸ್ಸಿಗೆ ಸೀಟು ಹಿಡಿದಾಗಿತ್ತಲ್ಲ" ಅಂದಳು. ಹೋದ ಜೀವ ಬಂದ ಹಾಗಾಯಿತು ನನಗೆ. ಅವಳ ಚೀಲ ಕಿತ್ತುಕೊಂಡು ಮುಂದೆ ನಡೆದೆ, ಮುಖ ಕಾಣಬಾರದು ಅಂತ.

ಮಂಗಳವಾರ ಬೆಳಿಗ್ಗೆ ಆರಕ್ಕೆ ಆಸ್ಪತ್ರೆ. ಪಕ್ಕದ ಮನೆಯಾಕೆ ಅಮ್ಮನ ಜೊತೆ ಉಳಿದರು. ಹಸಿರು ಬಣ್ಣದ ಅಗಲ ಅಂಗಿ ಹಾಕಿಸಿ, ಬಳೆ ಬಿಚ್ಚಿಸಿ, ತಳ್ಳುವ ಮಂಚದ ಮೇಲೆ ಮಲಗಿಸಿದರು. ತಂಗಿ ಕಾಗದಕ್ಕೆ ಸಹಿ ಹಾಕುವಾಗ ತಾರೀಖು ಬರೆಯುವ ಜಾಗದಲ್ಲಿ ನಿಂತು, "ಸಿಸ್ಟರ್, ಇವತ್ತು ಹದಿನಾರು ತಾನೇ?" ಅಂತ ಕೇಳಿದಳು. ನಗು ಬಂತು. ಅದೇ ನಗುವಿನಲ್ಲಿ ಒಳಗೆ ಹೋದೆ, ಇಲ್ಲದಿದ್ದರೆ ಎದ್ದು ಓಡಿಬಿಡುತ್ತಿದ್ದೆನೇನೋ.

ಎಚ್ಚರವಾದಾಗ ಕುತ್ತಿಗೆಗೆ ಪಟ್ಟಿ ಬಿಗಿದಿತ್ತು. ಪಕ್ಕದ ಸ್ಟೂಲಿನ ಮೇಲೆ ತಂಗಿ. ಡಾಕ್ಟರು ಬಂದು, "ಗಂಟು ಪೂರ್ತಿ ಬಂದಿದೆ, ನರ ಮುಟ್ಟಿಲ್ಲ ಅಂತಲೇ ನನ್ನ ನಂಬಿಕೆ. ಪರೀಕ್ಷೆಯ ಫಲ ಶನಿವಾರ. ಅಲ್ಲಿ ತನಕ ಒಂದು ಮಾತೂ ಆಡಕೂಡದು, ಪಿಸುಮಾತು ಕೂಡ" ಅಂದರು. ನಾಲ್ಕು ದಿನ! ನನ್ನ ಬಾಯಿಗೆ ನಾಲ್ಕು ದಿನ ಬೀಗ! ತಂಗಿ ತನ್ನ ಗೀಚುವ ಪುಸ್ತಕದಿಂದ ಹಾಳೆ ಹರಿದು, ಒಂದು ಪೆನ್ಸಿಲ್ ಕೊಟ್ಟಳು. ಮೊದಲ ದಿನವೇ ಎರಡೂ ಕಡೆ ತುಂಬಿಸಿದೆ. ಕಿಟಕಿ ಹಾಕು, ಅಮ್ಮನ ಮಾತ್ರೆ ಮರೀಬೇಡ, ಆ ಚಿತ್ರ ಇಲ್ಲಿ ಒಣಗಿಸಬೇಡ, ಎಣ್ಣೆ ವಾಸನೆ. ಅವಳು ಕಿಟಕಿಯ ಕಟ್ಟೆಯ ಮೇಲೆ ಹಾಳೆ ಹರವಿಕೊಂಡು ಬಾಕಿಯಿದ್ದ ಎರಡು ಚಿತ್ರಗಳಿಗೆ ಬಣ್ಣ ತುಂಬುತ್ತಿದ್ದಳು. ಅವಸರವಿಲ್ಲದೆ ಅವಳು ಕೆಲಸ ಮಾಡುವುದನ್ನು ನಾನು ನೋಡಿದ್ದು ಅದೇ ಮೊದಲು.

ಗುರುವಾರ ಮಧ್ಯಾಹ್ನ ನರ್ಸ್ ಊಟಕ್ಕೆ ಹೋಗಿದ್ದಾಗ, ಕುಂಚ ಕೆಳಗಿಟ್ಟು ನನ್ನ ಕಡೆ ತಿರುಗಿದಳು.

"ಒಂದು ಮಾತು ಕೇಳ್ತೀನಿ. ಎರಡು ವರ್ಷ ನನ್ನ ಸೀಸನ್ ಸೀಸನ್ ಅಂದ್ಕೊಂಡು ಬಂದೆ. ಮೊದಲನೇ ವರ್ಷ ಜನವರಿಯಿಂದ ಜೂನ್ ತನಕ ನಾನು ಕೈ ಕಟ್ಟಿ ಕೂತಿದ್ದೆ. ಅಮ್ಮನ ಕಣ್ಣಿಗೆ ಮೂರು ದಿನ ಸಾಕಾಯ್ತು. ಉಳಿದದ್ದು? ಸೂರಿಗೆ ಒಂದು ವಾರ. ಉಳಿದದ್ದು?"

ಬಾಯಿ ಮುಚ್ಚು ಅಂತ ದೊಡ್ಡದಾಗಿ ಬರೆದು ತೋರಿಸಿದೆ.

"ಮುಚ್ಚಲ್ಲ. ಇವತ್ತು ನಿನ್ನ ಬಾಯಿ ಮುಚ್ಚಿದೆ, ನಾನೇ ಮಾತಾಡೋದು. ಮೊನ್ನೆ ಭಾನುವಾರ ಮುಂದಕ್ಕೆ ಹಾಕಿಸ್ತೀನಿ ಅಂದಾಗ ನಿನ್ನ ದನಿ ಕೇಳಿಸಿಕೊಂಡೆ ಅಕ್ಕಾ. ಎಷ್ಟು ಖುಷಿಯಾಗಿತ್ತು ಅದಕ್ಕೆ! ಬೀಗದ ಅಂಗಡಿ ಮುಚ್ಚಿದ್ದು ಗೊತ್ತಾಗದೇ ಇರಬಹುದು ನಂಗೆ, ನಿನ್ನ ದನಿ ಗೊತ್ತಾಗಲ್ವಾ? ಭಯ ಆಗ್ತಿದೆ ಅಂತ ಒಂದೇ ಒಂದು ಮಾತು ಹೇಳಿದ್ರೆ ಸೆಪ್ಟೆಂಬರಲ್ಲೇ ಬರ್ತಿದ್ದೆ. ಕ್ಯಾಲೆಂಡರ್ ಹಾಳಾಗಿ ಹೋಗ್ಲಿ, ಯಾರಿಗೆ ಬೇಕಿತ್ತು ಅದು!"

ಪೆನ್ಸಿಲ್ ಹಾಳೆಯ ಮೇಲಿಟ್ಟೆ. ಅವಳು ಹೇಳಿದ್ದು ಎಳ್ಳಷ್ಟೂ ಸುಳ್ಳಲ್ಲ. ಅವಳ ಬಿಡುವಿಲ್ಲದ ತಿಂಗಳುಗಳ ಹಿಂದೆ ನಾನು ಎರಡು ವರ್ಷ ಅಡಗಿ ಕೂತಿದ್ದೆ. ಹಾಗೆ ಕೂತುಕೊಂಡೇ, ಎಲ್ಲ ಅವಳಿಗಾಗಿ ಕಾಯುತ್ತಿದ್ದೇನೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಗೋಡೆಯ ಕಡೆ ತಿರುಗಿ ಮಲಗಿದೆ. ಬೆನ್ನ ಹಿಂದೆ ಕುಂಚ ಬಟ್ಟಲಿಗೆ ತಾಗುವ ಸದ್ದು ಮತ್ತೆ ಶುರುವಾಯಿತು.

ಶನಿವಾರ ಹತ್ತು ಗಂಟೆಗೆ ಡ್ಯೂಟಿ ಡಾಕ್ಟರು ಬಂದರು, ಚಿಕ್ಕ ವಯಸ್ಸಿನ ಹುಡುಗಿ. ಕೈಯಲ್ಲಿ ಮಡಚಿದ ಕಾಗದ. ತಂಗಿ ಸ್ಟೂಲಿನಿಂದ ಎದ್ದು ನಿಂತಳು. ಇಬ್ಬರೂ ಆ ಹುಡುಗಿಯ ಮುಖವನ್ನೇ ನೋಡಿದೆವು.

"ಏನೂ ಇಲ್ಲಮ್ಮಾ. ಸಾದಾ ಗಂಟು. ಕೆಟ್ಟದ್ದೇನೂ ಇಲ್ಲ" ಅಂದರು. ತಂಗಿ ನಿಂತಲ್ಲೇ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಬೆರಳಿಗೆಲ್ಲ ಹಸಿರು ಬಣ್ಣ ಮೆತ್ತಿತ್ತು. ಡಾಕ್ಟರು ನನ್ನ ಪಟ್ಟಿ ಸಡಿಲಿಸಿ, ಗಾಯ ನೋಡಿ, "ಈಗ ಮಾತಾಡಿ ನೋಡೋಣ. ಮೆಲ್ಲಗೆ. ಏನಾದ್ರೂ ಹೇಳಿ" ಅಂದರು.

ನಾಲ್ಕು ದಿನದಿಂದ ಗಂಟಲಲ್ಲಿ ಬೈಗುಳವೇ ರಾಶಿ ಬಿದ್ದಿತ್ತು. ಬಾಯಿ ತೆರೆದೆ. ಮೊದಲು ಗಾಳಿ ಮಾತ್ರ ಬಂತು. ಉಗುಳು ನುಂಗಿ, ಡಾಕ್ಟರನ್ನು ಬಿಟ್ಟು ತಂಗಿಯ ಕಡೆ ನೋಡಿದೆ.

"ಭಯ ಆಗಿತ್ತು ಕಣೇ" ಅಂದೆ.

ಒಡಕು ದನಿ. ಆದರೆ ನನ್ನದೇ. ಡಾಕ್ಟರು ತಲೆಯಾಡಿಸಿ ಏನೋ ಬರೆದುಕೊಂಡರು. ತಂಗಿ ಮುಖದಿಂದ ಕೈ ತೆಗೆದು, ಮಂಚದ ಅಂಚಿಗೆ ಬಂದು ಕೂತಳು. ಹಸಿರು ಬೆರಳುಗಳಲ್ಲಿ ನನ್ನ ಕೈ ಹಿಡಿದುಕೊಂಡು, "ಇನ್ನೊಂದ್ಸಲ ಹೇಳು" ಅಂದಳು.

ಹೇಳಿದೆ.